ಅಕ್ಕ ಕುಡಿಯದ ನೀರು

ಇಳಕಲ್ಲಿನ ಒಂದು ಭಾಂಡೆ ಅಂಗಡಿಯಲ್ಲಿ ನನ್ನ ಕೆಲಸ. ಮಾರುವವನೂ ನಾನೇ, ಮದುವೆಯ ಉಡುಗೊರೆಗೆ, ನಮ್ಮ ಮಾತಿನಲ್ಲಿ ಆಯೇರಿಗೆ, ಕೊಂಡ ಪಾತ್ರೆಗಳ ಮೇಲೆ ಹೆಸರು ಕೊರೆಯುವವನೂ ನಾನೇ. ನನಗೆ ಕೈಗಿಂತ ಬಾಯಿ ಜೋರು ಎಂದು ಮಾಲೀಕರ ದೂರು. ಆ ದೂರನ್ನು ಅವರದೇ ಮೂಗುದನಿಯಲ್ಲಿ ಅವರೆದುರಿಗೇ ಹೇಳಿ ತೋರಿಸುತ್ತೇನೆ. ಗಿರಾಕಿಗಳು ನಗುತ್ತಾರೆ, ಮಾಲೀಕರೂ ನಗುತ್ತಾರೆ, ಪಗಾರ ಮಾತ್ರ ಗಂಭೀರವಾಗಿ ಇದ್ದಲ್ಲೇ ಕೂತಿರುತ್ತದೆ.

ಈಚೆಗೆ ಅಂಗಡಿಯಲ್ಲಿ ಕೊಡ, ತಂಬಿಗೆಗಿಂತ ಹೆಚ್ಚು ಖಾಲಿಯಾಗುವುದು ಸ್ಟೀಲ್ ನೀರಿನ ಬಾಟಲಿ. ಅದನ್ನು ಮಾರಲು ನನ್ನದೊಂದು ಪಾಠ ಇದೆ. "ಯವ್ವಾ, ಪ್ಲಾಸ್ಟಿಕ್ ಬಾಟಲಿ ಅಂದ್ರ ಬಾಡಿಗಿ ಮನಿ ಇದ್ದಂಗ. ಇವತ್ತ ಇದ್ದಿ, ನಾಳೆ ಬಿಟ್ಟಿ. ಸ್ಟೀಲ್ ಅಂದ್ರ ಸ್ವಂತ ಮನಿ. ನೀ ಹೋದ್ರೂ ಮೊಮ್ಮಕ್ಕಳಿಗೆ ಬರತೈತಿ." ದಿನವಿಡೀ ಇದನ್ನೇ ಹೇಳಿ ಹೇಳಿ ಸಂಜೆ ಹೊತ್ತಿಗೆ ನನಗೇ ಬಾಯಾರಿರುತ್ತದೆ. ಆಗ ಎದುರಿನ ಪಾನಬೀಡಾ ಅಂಗಡಿಗೆ ಹೋಗಿ ತಣ್ಣನೆಯ ಪ್ಲಾಸ್ಟಿಕ್ ಬಾಟಲಿ ಕೊಂಡು ಗಟಗಟ ಕುಡಿಯುತ್ತೇನೆ. ಸ್ವಂತ ಮನೆ ಮಾರುವವರೆಲ್ಲ ಬಾಡಿಗೆ ಮನೆಯಲ್ಲೇ ಇರುತ್ತಾರೆ, ನೋಡಿ.

ನಮ್ಮಕ್ಕ ಇಳಕಲ್-ಬಾದಾಮಿ ಬಸ್ಸಿನ ಕಂಡಕ್ಟರ್. ಬೆಳಗ್ಗೆ ಹೋದರೆ ಹುನಗುಂದ, ಅಮೀನಗಡ, ಕಮತಗಿ, ಗುಳೇದಗುಡ್ಡ ಎಂದು ಊರಿಗೊಂದು ಸಲ ಕೂಗುತ್ತ ಬಾದಾಮಿ ಮುಟ್ಟುವುದು, ಮತ್ತೆ ಅದೇ ಊರುಗಳನ್ನು ತಿರುಗಮುರುಗ ಕೂಗುತ್ತ ಬರುವುದು. ಹೆಣ್ಣುಮಕ್ಕಳಿಗೆ ಟಿಕೆಟ್ ಫ್ರೀ ಆದಮೇಲೆ ಬಸ್ಸಿನಲ್ಲಿ ಕಾಲಿಡಲು ಜಾಗವಿಲ್ಲ. ಸಂಜೆ ಮನೆಗೆ ಬಂದು ಕಟ್ಟೆಯ ಮೇಲೆ ಕೂತಳೆಂದರೆ, ಚೀಲದ ಪಟ್ಟಿ ಹೆಗಲ ಮೇಲೆ ಕೊರೆದ ಗುರುತು ರಾತ್ರಿ ಊಟದವರೆಗೂ ಹೋಗುವುದಿಲ್ಲ. ಮೊದಲೆಲ್ಲ ನಾನು ಅವಳ ದನಿ ತೆಗೆದು "ಮುಂದ ಸರೀರಿ ಯಣ್ಣಾ, ಒಳಗ ಭಾಳ ಜಾಗ ಐತಿ" ಎಂದರೆ ಕೈಗೆ ಸಿಕ್ಕ ಚಪ್ಪಲಿ ಎಸೆಯುತ್ತಿದ್ದಳು. ಈಗ ಎಸೆಯುವುದಿಲ್ಲ. ಎಸೆದರೆ ಎದ್ದುಹೋಗಿ ತರಬೇಕಲ್ಲ.

ಕಳೆದ ಬೇಸಗೆಯಲ್ಲಿ ಒಂದು ದಿನ ರೊಟ್ಟಿ ತಿನ್ನುತ್ತ ಕೂತವಳು ಸೊಂಟ ಹಿಡಿದುಕೊಂಡು ನೆಲಕ್ಕೆ ಉರುಳಿದಳು. ದವಾಖಾನೆಗೆ ಒಯ್ದರೆ ಮೂತ್ರಪಿಂಡದಲ್ಲಿ ಹರಳು ಎಂದರು. ಈಗ ಸಣ್ಣದಿದೆ, ನೀರಿನಲ್ಲೇ ಹೋಗಬಹುದು; ಹೀಗೇ ಬಿಟ್ಟರೆ ಬೆಳೆದು ದಾರಿ ಕಟ್ಟುತ್ತದೆ, ಆಗ ಆಪರೇಶನ್, ಆಗಲೂ ತಡಮಾಡಿದರೆ ಆ ಮೂತ್ರಪಿಂಡವೇ ಕೆಲಸಕ್ಕೆ ಬಾರದಂತಾಗುತ್ತದೆ. ಡಾಕ್ಟರರು ಕನ್ನಡಕದ ಮೇಲಿಂದ ನೋಡಿ, "ನೀರು ಕುಡೀಬೇಕಮ್ಮ. ಬಾಯಾರಿಕಿ ಇರಲಿ ಬಿಡಲಿ, ಕುಡೀತಾ ಇರಬೇಕು" ಎಂದರು. ಆ ನೋಟ, ಆ ದನಿ ಎರಡನ್ನೂ ನಾನು ಅಲ್ಲೇ ಕಲಿತುಕೊಂಡೆ. ಮನೆಗೆ ಬಂದು ಮಾಡಿ ತೋರಿಸಿದರೆ ಯಾರೂ ನಗಲಿಲ್ಲ. ಅವ್ವ ಸೆರಗಿನಿಂದ ಕಣ್ಣೊರೆಸಿಕೊಂಡಳು.

ತಪ್ಪೆಲ್ಲ ಅಕ್ಕನ ಬಾಟಲಿಯದು ಎಂದು ನಾನು ತೀರ್ಮಾನಿಸಿದೆ. ಭಾಂಡೆ ಅಂಗಡಿಯವನಿಗೆ ಜಗತ್ತಿನ ಎಲ್ಲ ರೋಗಕ್ಕೂ ಮದ್ದು ಸ್ಟೀಲಿನಲ್ಲೇ ಕಾಣುತ್ತದೆ. ಅವಳದು ಎಂದೋ ಕೊಂಡ ಪ್ಲಾಸ್ಟಿಕ್ ಬಾಟಲಿ. ಚೀಟಿ ಕಿತ್ತುಹೋಗಿ, ಮೈಯೆಲ್ಲ ನೆಗ್ಗಿ, ಡ್ರೈವರ್ ಪಕ್ಕದ ಇಂಜಿನ್ ಡಬ್ಬಿಯ ಮೇಲೆ ಕೂತಿರುತ್ತಿತ್ತು. ಬಾದಾಮಿ ಬರುವಷ್ಟರಲ್ಲಿ ಒಳಗಿನ ನೀರು ಚಹಾಪುಡಿ ಹಾಕುವುದೊಂದೇ ಬಾಕಿ ಎನ್ನುವಷ್ಟು ಕಾದಿರುತ್ತಿತ್ತು. ಆ ಜಾತಿಯ ಬಾಟಲಿಗಳ ಗತಿ ಗೊತ್ತಲ್ಲ, ನೀರು ಮುಗಿದ ಮೇಲೆ ಸೀಮೆಎಣ್ಣೆಗೆ, ಪೆಟ್ರೋಲಿಗೆ, ಕೊನೆಗೆ ಬೆಳಗ್ಗೆ ಹೊಲದ ಕಡೆ ಹೋಗುವವರ ಕೈಗೆ. ತಂಬಿಗೆಯ ನೌಕರಿಯೂ ಈಗ ಅದಕ್ಕೇ ಸಿಕ್ಕಿದೆ. ನಾನು ಅಂಗಡಿಯಲ್ಲಿದ್ದ ಅತಿ ದೊಡ್ಡ ಸ್ಟೀಲ್ ಬಾಟಲಿ ತಂದು ಅಕ್ಕನ ಕೈಗಿಟ್ಟೆ.

ಮೊದಲ ದಿನವೇ ಬಾಟಲಿ ಖಾಲಿಯಾಗಿ ಬಂತು. ಮರುದಿನವೂ. ನಾನು ಮೀಸೆ ತಿರುವಿದೆ, ಇದ್ದಷ್ಟು ಮೀಸೆಯನ್ನು. ಆದರೆ ಸ್ವಲ್ಪ ದಿನಕ್ಕೆ ಮತ್ತೆ ಅದೇ ನೋವು. ತಪಾಸಣೆ ಮಾಡಿಸಿದರೆ ಡಾಕ್ಟರರು ಚೀಟಿ ನೋಡಿ, "ನೀವು ನೀರೇ ಕುಡಿದಿಲ್ಲ" ಎಂದರು.

"ಮತ್ತ ದಿನಾ ಒಂದು ಕೊಡ ನೀರು ಯಾರ ಹೊಟ್ಟಿಗೆ ಹೋತು?" ಎಂದು ನಾನು ದಾರಿಯಲ್ಲಿ ಕೇಳಿದೆ.

"ಮಂದಿ ಕೇಳ್ತಾರಪ್ಪಾ. 'ಯವ್ವಾ, ಒಂದ್ ಗುಟುಕು ಕೊಡ' ಅಂತಾರ. ನೀರಿಗೆ ಇಲ್ಲ ಅನ್ನಾಕ ಬರತೈತೇನು?"

"ಪ್ಲಾಸ್ಟಿಕ್ ಇದ್ದಾಗ ಕೇಳ್ತಿದ್ದಿಲ್ಲ?"

"ಅದು ರೊಕ್ಕ ಕೊಟ್ಟು ತಂದ ನೀರು ಅಂತ ಯಾರೂ ಕೇಳ್ತಿದ್ದಿಲ್ಲ. ಇದು ಮನಿ ನೀರು. ಎಲ್ಲಾರೂ ಕೇಳ್ತಾರ."

ನನ್ನ ಮಾರಾಟದ ಪಾಠದಲ್ಲಿ ಇದು ಎಲ್ಲೂ ಇರಲಿಲ್ಲ. ನಮ್ಮ ಕಡೆ ಸ್ಟೀಲ್ ಪಾತ್ರೆ ಕಂಡರೆ ಅದು ಯಾರದೋ ಅಡುಗೆಮನೆ. ಅಲ್ಲಿ ನೀರು ಕೇಳಲು ಯಾರಿಗೂ ನಾಚಿಕೆಯಿಲ್ಲ, ಎತ್ತಿ ಕುಡಿದು ಬಾಯೊರೆಸಿಕೊಂಡು "ಪುಣ್ಯಾ ಬರಲಿ ನಿನಗ" ಎಂದು ವಾಪಸು ಕೊಟ್ಟರಾಯಿತು. ಅಕ್ಕನಿಗೆ ಪುಣ್ಯ ಬರುತ್ತಿತ್ತು, ಹರಳು ಹೋಗುತ್ತಿರಲಿಲ್ಲ.

ನಾನು ಬಾಟಲಿಯನ್ನು ಅಂಗಡಿಗೆ ಒಯ್ದು, ಆಯೇರಿ ಪಾತ್ರೆಗೆ ಕೊರೆಯುವ ಅದೇ ಸೂಜಿಯಿಂದ ಅದರ ಹೊಟ್ಟೆಯ ಮೇಲೆ ದಪ್ಪಗೆ ಬರೆದೆ: "ಕಂಡಕ್ಟರ್ ಅಕ್ಕಾವ್ರಿಗೆ ಆರಾಮಿಲ್ಲ. ಇದು ಔಷಧದ ನೀರು." ಕೆಳಗೆ ಅಭ್ಯಾಸಬಲದಿಂದ "ಸಪ್ರೇಮ ಕಾಣಿಕೆ" ಎಂದೂ ಬಿತ್ತು.

ಅಂದಿನಿಂದ ಯಾರೂ ಕೇಳಲಿಲ್ಲ. ಬಾಟಲಿ ಸಂಜೆ ತುಂಬಿಕೊಂಡೇ ಮನೆಗೆ ಬಂತು. ಮುಚ್ಚಳದವರೆಗೆ, ಬೆಳಗ್ಗೆ ಅವ್ವ ತುಂಬಿದ್ದು ತುಂಬಿದ ಹಾಗೆ.

ಅಕ್ಕ ಕಟ್ಟೆಯ ಮೇಲೆ ಬೂಟು ಬಿಚ್ಚುತ್ತಿದ್ದಳು. ನಾನು ಬಾಟಲಿ ಅಲುಗಿಸಿ ಡಾಕ್ಟರರ ದನಿಯಲ್ಲಿ, "ನೀವು ನೀರೇ ಕುಡಿದಿಲ್ಲಮ್ಮ" ಎಂದೆ.

"ಕುಡದು ಎಲ್ಲಿ ಹೋಗ್ಲೋ?" ಎಂದಳು ಅವಳು. ದನಿ ಏರಿಸಲಿಲ್ಲ. ಬೆಳಗಿನಿಂದ ಏರಿಸಿ ಮುಗಿದಿತ್ತು. "ನೀರು ಒಳಗ ಹೋಗೂದರ ವಿಚಾರ ಎಲ್ಲಾರೂ ಮಾಡ್ತೀರಿ. ಡಾಕ್ಟರೂ ಮಾಡ್ತಾರ, ನೀನೂ ಮಾಡ್ತಿ. ಹೊರಗ ಬರೂದರ ವಿಚಾರ ಒಬ್ಬರರೇ ಮಾಡೀರೇನು? ಒಂದು ಸ್ಟ್ಯಾಂಡಿನ್ಯಾಗ ಬಾಗಲಕ್ಕ ಚಿಲಕಿಲ್ಲ. ಇನ್ನೊಂದ್ರಾಗ ಚಿಲಕ ಐತಿ, ಒಳಗ ಕಾಲಿಡಾಕ ಬರೂದಿಲ್ಲ. ನಿಲ್ಲಸೂದು ಐದು ನಿಮಿಷ, ಅದ್ರಾಗ ಮಂದಿ ಇಳಸಬೇಕು, ಹತ್ತಿಸಬೇಕು."

"ಡ್ರೈವರ್ ಕಾಕಾಗ ಹೇಳು, ಎಲ್ಲ್ಯರೆ ನಿಲ್ಲಸ್ತಾರ."

"ಏನಂತ ಹೇಳ್ಲಿ? ಗಾಡಿ ತುಂಬ ಗಂಡಸರು ಕುಂತಿರ್ತಾರ. ಸೀಟಿ ಹೊಡದು, 'ತಡೀರಿ, ನಾ ಒಂದಕ್ಕ ಹೋಗಿ ಬರ್ತೇನಿ' ಅನ್ಲೇನು? ಮರುದಿನ ಅದನ್ನ ಯಾವನಾರ ನಿನ್ನಂಥವ ನನ್ನ ದನೀಲೆ ಮಾಡಿ ತೋರಸ್ತಾನ."

ಯಾರದಾದರೂ ದನಿಯಲ್ಲಿ ಏನಾದರೂ ಅನ್ನೋಣವೆಂದರೆ, ಈ ಮಾತಿಗೆ ಉತ್ತರ ಕೊಟ್ಟವರ ದನಿ ಒಂದನ್ನೂ ನಾನು ಕೇಳಿರಲಿಲ್ಲ.

ಅಂಗಡಿ ರಜೆಯಿದ್ದ ದಿನ ಅವಳ ಬಸ್ಸಿನಲ್ಲೇ ಬಾದಾಮಿಗೆ ಹೋದೆ. ಬನಶಂಕರಿಗೆ ಹೋಗುತ್ತೇನೆ ಎಂದು ಅವಳಿಗೆ ಹೇಳಿದ್ದೆ, ಹೋಗಲಿಲ್ಲ. ಸ್ಟ್ಯಾಂಡಿನ ಚಹಾದಂಗಡಿಯಲ್ಲಿ ಡ್ರೈವರ್ ಕಾಕಾ ಒಬ್ಬರೇ ಸಿಕ್ಕರು. ಇನ್ನು ಸ್ವಲ್ಪ ವರ್ಷಕ್ಕೆ ನಿವೃತ್ತರಾಗುವ, ಹಾರನ್ನಿಗಿಂತ ಕಮ್ಮಿ ಮಾತಾಡುವ ಮನುಷ್ಯ. ನಾನು ಡಾಕ್ಟರರ ದನಿಯಲ್ಲಿ ಶುರು ಮಾಡಿದೆ. ಅವರು ನಕ್ಕರು. ಅವ್ವನ ದನಿಯಲ್ಲಿ ಹೇಳಹೊರಟೆ. ಇನ್ನೂ ನಕ್ಕು ಚಹಾ ನೆತ್ತಿಗೇರಿಸಿಕೊಂಡರು.

"ಲೇ ತಮ್ಮಾ," ಎಂದರು ಕೆಮ್ಮುತ್ತ, "ನಿನ್ನ ಸ್ವಂತ ದನಿ ಎಲ್ಲಿ ಒತ್ತಿ ಇಟ್ಟಿ?"

ಆಗ ಹೇಳಿದೆ. ನೆಲ ನೋಡುತ್ತ, ತೊದಲುತ್ತ. ಅಕ್ಕನಿಗೆ ಹೋಗಲು ಜಾಗವಿಲ್ಲ, ಅದಕ್ಕೇ ಕುಡಿಯುವುದಿಲ್ಲ, ಅದಕ್ಕೇ ಹರಳು ಎಂದು.

ಕಾಕಾ ಕಪ್ಪು ಕೆಳಗಿಟ್ಟರು. "ನಾ ದಿನಾ ಗಾಡಿ ಬಾಜೂಕ ಹಚ್ಚಿ ಗಿಡದ ಹಿಂದ ಹೋಗಿ ಬರ್ತೇನಿ. ಆಕಿ ಬಾಗಲದಾಗ ನಿಂತು ಟಿಕೆಟ್ ಮಶೀನ್ ನೋಡ್ಕೋಂತ ಇರ್ತಾಳ. ಆಕಿಗೂ ಬರತೈತಿ ಅನ್ನೂದು ತಲ್ಯಾಗ ಬರಲೇ ಇಲ್ಲ ನೋಡು. ಮನ್ಯಾಗ ಮೂರು ಮಂದಿ ಹೆಣ್ಮಕ್ಕಳನ್ನ ಇಟಗೊಂಡು."

ವಾಪಸು ಬರುವಾಗ ಕಮತಗಿ ದಾಟಿ ಸ್ವಲ್ಪ ದೂರಕ್ಕೆ ಬಸ್ಸು ರಸ್ತೆ ಬಿಟ್ಟು ಒಂದು ಪೆಟ್ರೋಲ್ ಬಂಕಿನೊಳಗೆ ಹೊರಳಿತು. "ಗಾಡಿ ಬಿಸಿ ಆಗೇತಿ, ಆರ್ಲಿ" ಎಂದು ಕಾಕಾ ಯಾರಿಗೂ ಅಲ್ಲದಂತೆ ಹೇಳಿದರು. ಬಂಕಿನ ಹಿಂದೆ ಬಾಗಿಲಿದ್ದ, ಚಿಲಕವಿದ್ದ, ನೀರಿನ ನಲ್ಲಿಯಿದ್ದ ಒಂದು ಪಾಯಖಾನೆ ಇತ್ತು. ಅಕ್ಕ ಅದನ್ನು ನೋಡಿದಳು, ಕಾಕಾನನ್ನು ನೋಡಿದಳು, ಆಮೇಲೆ ನನ್ನನ್ನು ಸುಡುವಂತೆ ನೋಡಿದಳು. ಇಳಿಯಲಿಲ್ಲ. ಮುಖ ಕೆಂಪಗೆ ಮಾಡಿಕೊಂಡು ತನ್ನ ಸೀಟಿನಲ್ಲೇ ಕೂತಳು. ಇಷ್ಟು ಮಂದಿಯ ಮುಂದೆ ಅವಳು ಇಳಿಯುವುದಿಲ್ಲ ಎಂದು ನನಗೆ ಗೊತ್ತಾಯಿತು. ನಾನು ಮಾಡಿದ್ದು ಇಷ್ಟೇ, ಬಾಟಲಿಯ ನಂತರ ಈಗ ಬಂಕನ್ನೂ ತಂದು ಅವಳ ಮುಂದಿಟ್ಟಿದ್ದೆ.

ಆಗ ಹಿಂದಿನ ಸೀಟಿನಿಂದ ಒಬ್ಬ ಮುದುಕಿ ಎದ್ದಳು. "ಯವ್ವಾ, ಇಲ್ಲಿ ಐತೇನಬೇ? ಗುಳೇದಗುಡ್ಡದಿಂದ ಹಲ್ಲು ಕಚ್ಚಿಕೊಂಡು ಕುಂತೇನಿ" ಎಂದು ಎಲ್ಲರಿಗೂ ಕೇಳುವಂತೆ ಅಂದು ಇಳಿದೇಬಿಟ್ಟಳು. ಅವಳ ಹಿಂದೆ ಮಗುವನ್ನೆತ್ತಿಕೊಂಡ ಒಬ್ಬಾಕೆ. ಅವಳ ಹಿಂದೆ ಇಬ್ಬರು ಟೀಚರುಗಳು. ನೋಡುನೋಡುತ್ತ ಬಸ್ಸಿನ ಅರ್ಧ ಖಾಲಿಯಾಗಿ, ಬಂಕಿನ ಹಿಂದೆ ಸಾಲು ಬೆಳೆಯಿತು. ಅವರು ಬಿಟ್ಟುಹೋದ ಚೀಲಗಳಿಂದ ಬಾಟಲಿಗಳು ಇಣುಕುತ್ತಿದ್ದವು. ಪ್ಲಾಸ್ಟಿಕ್ಕಿನವೂ ಇದ್ದವು, ನನ್ನ ಅಂಗಡಿಯಲ್ಲೇ ಮಾರಿದಂಥ ಸ್ಟೀಲಿನವೂ ಇದ್ದವು. ಪ್ಲಾಸ್ಟಿಕ್ಕಿನವುಗಳಲ್ಲಿ ನೀರು ಕತ್ತಿನವರೆಗೆ ಕಾಣುತ್ತಿತ್ತು. ಸ್ಟೀಲಿನದೊಂದನ್ನು ಸುಮ್ಮನೆ ಎತ್ತಿ ನೋಡಿದೆ, ಭಾರವಿತ್ತು.

"ಟಿಕೆಟ್ ಫ್ರೀ, ಮ್ಯಾಲ ಇದೊಂದು ಬ್ಯಾರೆ" ಎಂದ ಒಬ್ಬ ಗಂಡಸು, ಕೈಗಡಿಯಾರ ನೋಡಿಕೊಳ್ಳುತ್ತ.

ಮುದುಕಿ ಆಗಲೇ ಹಗುರಾಗಿ ಮೆಟ್ಟಿಲು ಹತ್ತುತ್ತಿದ್ದಳು. "ನೀನೂ ಹೋಗಿ ಬಾರಪ್ಪಾ, ಇದೂ ಫ್ರೀನ ಐತಿ" ಎಂದಳು.

ಅಕ್ಕ ಆಗ ಚೀಲವನ್ನು ನನ್ನ ಮಡಿಲಲ್ಲಿಟ್ಟು ಇಳಿದು ಸಾಲಿನ ಕೊನೆಗೆ ನಿಂತಳು. ಆಮೇಲೆ ಬಂದವರನ್ನೂ ಮುಂದೆ ಬಿಟ್ಟಳು. ಕಾಕಾ ಇಂಜಿನ್ ಬಂದ್ ಮಾಡಿ, ಸ್ಟೇರಿಂಗ್ ಮೇಲೆ ಕೈಯಿಟ್ಟು ರಸ್ತೆ ನೋಡುತ್ತ ಕೂತರು.

ಹುನಗುಂದಕ್ಕೆ ಬಂದಾಗ ತಡವಾಗಿತ್ತು. ಗಾಡಿಗಳ ಹೊತ್ತು ಬರೆದುಕೊಳ್ಳುವ ಸಾಹೇಬರು ಕಿಟಕಿಯಿಂದಲೇ, "ಯಾಕ ಲೇಟು?" ಎಂದರು.

"ಗಾಡಿ ಬಿಸಿ..." ಎಂದು ಕಾಕಾ ಶುರು ಮಾಡಿದರು.

"ಗಾಡಿಗೇನೂ ಆಗಿದ್ದಿಲ್ರಿ," ಎಂದಳು ಅಕ್ಕ. ಟಿಕೆಟ್ ಕೇಳುವ ಅದೇ ದಣಿದ ದನಿ. "ಹೆಣ್ಮಕ್ಕಳೆಲ್ಲ ಒಂದಕ್ಕ ಹೋಗಿದ್ವಿ. ನಾಳೆನೂ ಇಷ್ಟ ಲೇಟ್ ಆಕ್ಕೇತ್ರಿ."

ಸಾಹೇಬರ ಪೆನ್ನು ಗಾಳಿಯಲ್ಲೇ ನಿಂತಿತು. ಕಿವಿ ಕೆಂಪಾದವು. ಆಮೇಲೆ ತಲೆ ತಗ್ಗಿಸಿ, "ಇಂಜಿನ್ ಬಿಸಿ" ಎಂದು ಬರೆದು ಹಾಳೆಯನ್ನು ಮುಂದೆ ತಳ್ಳಿದರು. ಅಕ್ಕ ಓದಿದಳು, ಸಹಿ ಹಾಕಿದಳು.

ಬಸ್ಸು ಹೊರಡುವ ಮುಂಚೆ ಬಾಗಿಲ ಹತ್ತಿರ ನಿಂತು ಬಾಟಲಿಯ ಮುಚ್ಚಳ ತಿರುವಿ, ಎತ್ತಿ, ಕುಡಿಯತೊಡಗಿದಳು. ಗಂಟಲು ಏರಿಳಿಯುವುದನ್ನೇ ನಾನು ನೋಡುತ್ತಿದ್ದೆ. ಅರ್ಧಕ್ಕೆ ನಿಲ್ಲಿಸಿದಳು.

"ಇನ್ನಷ್ಟು ಕುಡಿ," ಎಂದೆ.

"ಇಳಕಲ್ ತನಕಾ ತಡಕೊಳ್ಳಾಕ ಆಗೂದು ಇಷ್ಟ," ಎಂದು ಮುಚ್ಚಳ ಹಾಕಿ, ಸೀಟಿ ಹೊಡೆದಳು.