ನುಂಗುವ ಮೊದಲೇ ನಾಟಿದ ಮಾತ್ರೆ

ಸ್ನೇಹಿತರೇ, ಎಂಡೋಸ್ಕೋಪಿಯಲ್ಲಿ ಸಿಗದ ನನ್ನ ಕಾಯಿಲೆಯನ್ನು ಇಂದು ನಮ್ಮೂರು ಕಬಕದ ಮೆಡಿಕಲ್ ಶಾಪಿನವರು ಕಂಡುಹಿಡಿದರು! ಗ್ಯಾಸಿನ ಮಾತ್ರೆಗೆ ಬಗ್ಗದ ಹೊಟ್ಟೆನೋವಿಗೆ, ಹೊಟ್ಟೆಯ ನರಗಳು ಶಾಂತವಾಗಲೆಂದು ಡಾಕ್ಟರು ಬೇರೆ ಮಾತ್ರೆ ಬರೆದಿದ್ದರು. ಚೀಟಿ ನೋಡಿದ್ದೇ ತಡ, ಅಂಗಡಿಯವರು ಎಲ್ಲರೆದುರು ಕೇಳಿದರು:

"ಇದು ಡಿಪ್ರೆಶನ್ನಿಗೆ ಕೊಡುದಲ್ವಾ ಟೀಚರೇ? ನಿಮಗೆ ಎಂತ ಆದದ್ದು?"

ಮೈಯೆಲ್ಲ ಉರಿಯಿತು. "ಹೊಟ್ಟೆಗೂ ಕೊಡ್ತಾರೆ ಮಾರಾಯ್ರೆ, ಸಣ್ಣ ಡೋಸಿನಲ್ಲಿ. ಗೊತ್ತಿಲ್ಲದಿದ್ರೆ ಮೆಲ್ಲ ಕೇಳ್ಲಿಕ್ಕೆ ಆಗುದಿಲ್ವಾ?" ಎಂದೆ. ಅವರು ಕನಿಕರದಿಂದ ತಲೆಯಾಡಿಸಿದರು.

ನಾನು ಮನೆ ಮುಟ್ಟುವಷ್ಟರಲ್ಲಿ ಟ್ಯೂಷನ್ನಿಗೆ ಬರುವ ಹುಡುಗಿಯ ತಾಯಿಯ ಫೋನು: "ಟೀಚರ್, ಸ್ವಲ್ಪ ದಿನ ಮಗಳನ್ನು ಕಳಿಸುದಿಲ್ಲ. ನೀವು ರೆಸ್ಟ್ ಮಾಡಿ."

ಈ ಮಾತ್ರೆ ಕೆಲಸ ಮಾಡಲು ಕೆಲವು ವಾರ ಬೇಕೆಂದು ಡಾಕ್ಟರು ಹೇಳಿದ್ದರು. ಊರಿನವರ ಮೇಲೆ, ನಾನು ನುಂಗುವ ಮೊದಲೇ ಕೆಲಸ ಮಾಡಿತು.