ಹನ್ನೊಂದನೆಯ ಹೆಸರು

ಶೈಲಾ, ಆಗ ನಿನಗೆ ಒಬ್ಬ ವರನೂ ಬರದೇ ಇದ್ದದ್ದು ನಿನ್ನ ಜಾತಕದಿಂದಲ್ಲ. ನನ್ನಿಂದ. ನಿನ್ನ ಹೆಸರನ್ನು ಬೇಕೆಂದೇ ಮರೆಮಾಡಿದೆ — ಮದುವೆಯಾಗಿ ಇಷ್ಟು ವರ್ಷ ನೀನು ಬಡಿಸಿದ್ದನ್ನು ಉಂಡರೂ ಇದನ್ನು ಹೇಳಲು ಬಾಯಿ ಬರಲಿಲ್ಲ.

ಇವತ್ತು ಹೇಳುತ್ತಿದ್ದೇನೆ, ಯಾಕೆಂದರೆ ಇವತ್ತು ನೀನು ಗೆದ್ದಿದ್ದೀಯ. ನಮ್ಮ ಸಮಾಜದ ಸಂಘಕ್ಕೆ ಮೊದಲ ಸಲ ಒಬ್ಬ ಹೆಂಗಸು ಅಧ್ಯಕ್ಷೆ! ವಿದ್ಯಾರಣ್ಯಪುರಂನ ನಮ್ಮ ರಸ್ತೆ ತುಂಬ ಪಟಾಕಿಯ ಕೆಂಪು ಕಾಗದ ಬಿದ್ದಿದೆ. ಯಾದವಗಿರಿಯ ಬಂಗಲೆಗಳಿಂದ ಉದಯಗಿರಿಯ ಗಲ್ಲಿಗಳವರೆಗೆ ಚಪ್ಪಲಿ ಸವೆಸಿ ವೋಟು ಕೇಳಿದವಳು ನೀನು. ಹೆಂಗಸರಿಗೆ ಇದೆಲ್ಲ ಯಾಕೆ ಎಂದು ಮೂಗು ಮುರಿದಿದ್ದ ಹಳೆಯ ಕಾರ್ಯದರ್ಶಿಗಳೇ ಮನೆಗೆ ಬಂದು ಹಾರ ಹಾಕಿ, ಕಾಫಿ ಕುಡಿದು ಹೋದರು. ನನಗಂತೂ ಕಾಲು ನೆಲದ ಮೇಲೆ ನಿಲ್ಲುತ್ತಿಲ್ಲ. ದಾರಿಯಲ್ಲಿ ಸಿಕ್ಕವರಿಗೆಲ್ಲ "ನಮ್ಮನೆಯವಳು ಗೆದ್ಬುಟ್ಲು ಕಣ್ರೀ" ಎಂದು ಹೇಳಿಕೊಂಡು ಬಂದಿದ್ದೇನೆ. ಕೇಳದವರಿಗೂ ಹೇಳಿದ್ದೇನೆ.

ನಾಳೆ ಅಧಿಕಾರ ವಹಿಸಿಕೊಳ್ಳುವಾಗ ನೀನು ಮೈಕಿನ ಮುಂದೆ ನಿಂತು, ಪ್ರಚಾರಕ್ಕೆ ಹೋದ ಮನೆಮನೆಯಲ್ಲೂ ಹೇಳಿದ ಮಾತನ್ನೇ ಮತ್ತೆ ಹೇಳುತ್ತೀಯ, ಗೊತ್ತು — "ಯಾರೂ ನನ್ನ ಕೇಳದೇ ಇದ್ದಾಗ ಇವರೊಬ್ರು ಕೇಳಿದ್ರು." ಆ ಮಾತಿಗೆ ಹೆದರಿಯೇ ಇದನ್ನು ಬರೆಯುತ್ತಿದ್ದೇನೆ.

ತೊಂಬತ್ತರ ದಶಕದ ನಡುವಿನ ಮಾತು. ಸಂಘದ ವಧೂವರ ಮಾಹಿತಿ ಕೇಂದ್ರಕ್ಕೆ ಹೊಸದಾಗಿ ಕಂಪ್ಯೂಟರ್ ಬಂದಿತ್ತು. ಅದಕ್ಕೆ ಪ್ರೋಗ್ರಾಂ ಬರೆದವನು ನಾನು. ಗಂಡಿನ ಕಡೆಯವರು ವಯಸ್ಸು, ಓದು ಹೇಳಿದರೆ ಸಾಕು, ಹೊಂದುವ ಹುಡುಗಿಯರ ವಿವರವೆಲ್ಲ ಒಟ್ಟಿಗೆ ನುಗ್ಗಿ ಯಂತ್ರ ಅಲ್ಲೇ ನಿಂತುಬಿಡುತ್ತಿತ್ತು. ಹಾಗಾಗಿ ಹತ್ತು ಹತ್ತಾಗಿ ತರಿಸುವ ಉಪಾಯ ಮಾಡಿದೆ. ಮೊದಲ ಹತ್ತು ಹೆಸರು ನೋಡುವುದು, ಬಟನ್ ಒತ್ತಿದರೆ ಮುಂದಿನ ಹತ್ತು. ಚಕಚಕನೆ ಬಂತು. ಹಿರಿಯರು ಬೆನ್ನು ತಟ್ಟಿದರು. ನಾನೂ ಕಾಲರ್ ಎತ್ತಿಕೊಂಡು ಓಡಾಡಿದೆ.

ಅದರಲ್ಲೊಂದು ತಪ್ಪು ಉಳಿದಿತ್ತು. ಹತ್ತರ ಮುಂದೆ ಇನ್ನೂ ಹೆಸರಿದೆಯೇ ಎಂದು ತಿಳಿಯಲು ಪ್ರೋಗ್ರಾಂ ಹನ್ನೊಂದನೆಯದನ್ನು ಎತ್ತಿ ನೋಡುತ್ತಿತ್ತು. ಹಾಗೆ ನೋಡಿದ್ದನ್ನು ಮುಂದಿನ ಕಂತಿನಲ್ಲಿ ತೋರಿಸಬೇಕಲ್ಲ — ತೋರಿಸದೆ ನೇರ ಹನ್ನೆರಡಕ್ಕೆ ಹಾರುತ್ತಿತ್ತು. ಹೀಗೆ ಕಂತು ಕಂತಿನ ಸಂದಿಯಲ್ಲಿ ಒಂದೊಂದು ಹುಡುಗಿ ಯಾರಿಗೂ ಕಾಣದೆ ಉಳಿಯುತ್ತಿದ್ದಳು. ನಿನ್ನ ವಯಸ್ಸು, ನಿನ್ನ ಓದು ಬೇಕೆಂದು ಯಾರು ಕೇಳಿದರೂ ಆ ಹನ್ನೊಂದನೆಯವಳು ನೀನು.

ಇದು ನನಗೆ ಗೊತ್ತಾದದ್ದು ಮಾವನವರು ಬಂದಾಗ. ಪಾತ್ರೆ ಅಂಗಡಿಯ ಬಾಗಿಲು ಹಾಕಿಕೊಂಡು ಬಂದು ನನ್ನ ಮುಂದೆ ನಿಂತರು. ಕುರ್ಚಿ ಕೊಟ್ಟರೂ ಕೂರಲಿಲ್ಲ. "ನಮ್ ಹುಡ್ಗಿ ಹೆಸ್ರು ಯಾರ ಕಣ್ಗೂ ಬೀಳ್ತಿಲ್ವಲ್ಲಪ್ಪ, ಒಂದ್ಸಲ ನೋಡ್ಬುಡು" ಅಂದರು. ನೋಡಿದೆ. ತಪ್ಪು ಸಿಕ್ಕಿತು. ಅಂದೇ ಸರಿಮಾಡಿದೆ — ಎಲ್ಲರಿಗೂ. ಸಂದಿಯಲ್ಲಿದ್ದ ಬೇರೆ ಹುಡುಗಿಯರಿಗೆಲ್ಲ ಸಂಬಂಧಗಳು ಬರತೊಡಗಿದವು. ಆದರೆ ಅದೇ ದಿನ ಪ್ರೋಗ್ರಾಂಗೆ ಹೊಸದಾಗಿ ಒಂದು ಸಾಲು ಸೇರಿಸಿದ್ದೆ: ಈ ಒಂದು ಹೆಸರು ಬಂದರೆ ಮಾತ್ರ ದಾಟಿಕೊಂಡು ಹೋಗು, ಎಂದು.

ಅರ್ಜಿ ತುಂಬಲು ನೀನು ಬಂದಿದ್ದ ದಿನ ನೆನಪಿದೆಯೇ? ಮೈಬಣ್ಣ ಬರೆಯುವ ಜಾಗಕ್ಕೆ ಬಂದಾಗ ನೀನು ಪೆನ್ನು ಕೆಳಗಿಟ್ಟು, "ಇದನ್ನ ಖಾಲಿ ಬಿಟ್ಬುಡಿ. ನೋಡೋಕ್ ಬಂದೋರು ನೋಡ್ಕೋತಾರೆ" ಅಂದಿದ್ದೆ. ಅಂದೇ ನಾನು ನಿನಗೆ ಮನಸೋತೆ. ಕಾಯಂ ಕೆಲಸವಿರಲಿಲ್ಲ, ಕೇಳುವ ಧೈರ್ಯವೂ ಇರಲಿಲ್ಲ. ಕೆಲಸ ಸಿಗುವ ತನಕ ಬೇರೆ ಯಾರೂ ನಿನ್ನನ್ನು ನೋಡದಿದ್ದರೆ ಸಾಕು ಎನಿಸಿತು. ನಿನಗೇನಾಗಬಹುದು ಎಂದು — ಇಲ್ಲ, ಯೋಚಿಸಲೇ ಇಲ್ಲ.

ಏನಾಯಿತೆಂದು ಮದುವೆಯಾದ ಮೇಲೆ ನಿನ್ನ ಬಾಯಿಂದಲೇ ಕೇಳಿದೆ. ಹದಿನಾರು ಸೋಮವಾರ ಉಪವಾಸ ಮಾಡಿಸಿದ್ದರು. ನಿನಗಿಂತ ಮೊದಲು ತಂಗಿಯ ಮದುವೆ ಮಾಡಿದ್ದರು. ಅವಳ ಚಪ್ಪರದಲ್ಲಿ ನೀನು ಪಾನಕ ಹಂಚುತ್ತಿದ್ದಾಗ ನಿನ್ನ ಸೋದರತ್ತೆ ಎಲ್ಲರೆದುರು "ಪಾಪ" ಅಂದಿದ್ದರಂತೆ. ಹೇಳುತ್ತಾ ನೀನು ಅತ್ತುಬಿಟ್ಟೆ. ನಾನು ನಿನ್ನ ತಲೆ ಸವರಿದೆ. ಬಾಯಿ ಮಾತ್ರ ಬಿಡಲಿಲ್ಲ.

ಕೆಲಸ ಸಿಕ್ಕ ವಾರವೇ ನಿಮ್ಮ ಮನೆಗೆ ಬಂದಿದ್ದೆ. ಮಾವನವರು ನನ್ನ ಎರಡೂ ಕೈ ಹಿಡಿದುಕೊಂಡು ಕಣ್ಣೀರು ಹಾಕಿದರು. ನಿಶ್ಚಿತಾರ್ಥದ ಮರುದಿನ ಆ ಸಾಲನ್ನು ಅಳಿಸಿ, ಗೆದ್ದೆ ಅಂದುಕೊಂಡೆ. ಆಮೇಲಿನ ಎಷ್ಟೋ ಜಗಳಗಳಲ್ಲಿ — ನಿನ್ನ ಮಾತೇ ಸರಿಯಿದ್ದಾಗಲೂ — ಅರ್ಧಕ್ಕೇ ಸುಮ್ಮನಾದೆ ನೀನು, ನನ್ನ ಋಣ ನೆನೆದು. ನನಗದು ಗೊತ್ತಿತ್ತು. ಗೊತ್ತಿದ್ದೂ ಆ ಋಣದ ಮೇಲೆ ಕಾಲು ಚಾಚಿ ಕೂತಿದ್ದೆ. ಅದಕ್ಕೇ ಈಗ ಹೆಚ್ಚು ನಾಚಿಕೆಯಾಗುತ್ತಿದೆ.

ಈಗ ನಡುಮನೆಯಲ್ಲಿ ನಿನ್ನ ಗೆಳತಿಯರೆಲ್ಲ ನಗುತ್ತಿದ್ದಾರೆ; ಎಲ್ಲರಿಗಿಂತ ಜೋರು ನಗು ನಿನ್ನದು. ಸಂಘದಲ್ಲಿ ಯಾರಿಗೂ ತಲೆಬಾಗದೆ ಗೆದ್ದ ಹೆಂಗಸು ಮನೆಯಲ್ಲಿ ನನಗೆ ತಲೆಬಾಗುವುದು ಬೇಡ. ಅವರು ಹೋದ ಮೇಲೆ ಇದನ್ನು ನಿನ್ನ ಕೈಗೆ ಕೊಡುತ್ತೇನೆ. ಎಲ್ಲರೆದುರು ನೀವೇ ಹೇಳಿ ಎಂದರೆ ವೇದಿಕೆ ಹತ್ತಿ ಹೇಳುತ್ತೇನೆ. ಮುಖ ತೋರಿಸಬೇಡಿ ಎಂದರೆ ಅದಕ್ಕೂ ಸೈ. ಆ ಒಂದು ಮಾತನ್ನು ಮಾತ್ರ ನಾಳೆ ಹೇಳಬೇಡ. ನಿನ್ನನ್ನು ಯಾರೂ ಬೇಡ ಅಂದಿರಲಿಲ್ಲ, ಶೈಲಾ. ನೋಡಲು ನಾನು ಬಿಡಲಿಲ್ಲ.