ಹತ್ತೊಂಬತ್ತು ಮೆಟ್ಟಿಲಿನ ಪ್ರಾಜೆಕ್ಟು

ಕೋವಿಡ್ ಕಳೆದು ಎರಡು ವರ್ಷವಾಗಿತ್ತು. ಕಟ್ಟಡ ನಿರ್ಮಾಣದ ಕಂಪನಿಯೊಂದರಲ್ಲಿ ಇಪ್ಪತ್ತೆರಡು ವರ್ಷ ಪ್ರಾಜೆಕ್ಟ್ ಮ್ಯಾನೇಜರ್ ಆಗಿ ದುಡಿದು ಹೊರಬಂದಿದ್ದ ನಾನು ಮಲ್ಲೇಶ್ವರದ ಮನೆಯಿಂದಲೇ ಸಲಹೆಗಾರ್ತಿಯಾಗಿ ಕೆಲಸ ಮಾಡುತ್ತಿದ್ದೆ. ಆಗ ಬಸವನಗುಡಿಯ ಒಂದು ಟ್ರಸ್ಟಿನಿಂದ ಪತ್ರ ಬಂತು. ಕೋರಿಕೆ ಒಂದೇ ಸಾಲಿನದು: 'ನಮ್ಮ ಫಿಸಿಯೋಥೆರಪಿ ಕೇಂದ್ರಕ್ಕೆ ಲಿಫ್ಟ್ ಹಾಕಿಸಿಕೊಡಬೇಕು.' ಆಸ್ಪತ್ರೆಗಳನ್ನೇ ಕಟ್ಟಿಸಿದವಳಿಗೆ ಇದು ಮೂರು ತಿಂಗಳ ಕೆಲಸ ಎಂದುಕೊಂಡೆ. ಎಂಟು ತಿಂಗಳು ಕಳೆದವು. ಲಿಫ್ಟ್ ಬರಲಿಲ್ಲ.

ಕೇಂದ್ರವಿದ್ದದ್ದು ಹಳೆಯ ಎರಡಂತಸ್ತಿನ ಮನೆಯಲ್ಲಿ. ಕೆಳಗೆ ಟ್ರಸ್ಟಿನ ಆಫೀಸು ಮತ್ತು ಮೀಟಿಂಗ್ ಹಾಲ್. ಮೇಲೆ ಫಿಸಿಯೋಥೆರಪಿ. ಪಾರ್ಶ್ವವಾಯು ಹೊಡೆದವರು, ಮೊಣಕಾಲು ಆಪರೇಷನ್ ಆದವರು ಹತ್ತೊಂಬತ್ತು ಮೆಟ್ಟಿಲು ಹತ್ತಿ ಹೋಗಿ ಕಾಲಿನ ವ್ಯಾಯಾಮ ಮಾಡಬೇಕಿತ್ತು. ಹತ್ತಲಾಗದವರನ್ನು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ ವಾಚ್‌ಮನ್ ಮತ್ತು ಯಾರಾದರೂ ಆಟೋ ಡ್ರೈವರ್ ಎತ್ತಿಕೊಂಡು ಹೋಗುತ್ತಿದ್ದರು. ಇದನ್ನು ಮೊದಲ ದಿನವೇ ಕಣ್ಣಾರೆ ನೋಡಿದ್ದೆ. ನೋಡಿಯೂ ನನಗೆ ಹೊಳೆದದ್ದು ಲಿಫ್ಟ್ ಎಲ್ಲಿ ಕೂರಿಸಬಹುದು ಎಂಬುದು ಮಾತ್ರ.

ನಮ್ಮ ವೃತ್ತಿಯಲ್ಲಿ ಪ್ರಾಜೆಕ್ಟ್ ಚಾರ್ಟರ್ ಎಂಬುದೊಂದಿದೆ. ಕೆಲಸ ಯಾಕೆ, ಯಾರಿಗಾಗಿ, ಏನಾದರೆ ಅದು ಮುಗಿದಂತೆ ಎಂದು ಶುರುವಿಗೆ ಮೊದಲೇ ಬರೆದು ಸಹಿ ಹಾಕಿಸಿಕೊಳ್ಳುವ ಒಂದೆರಡು ಪುಟ. ಕಿರಿಯ ಎಂಜಿನಿಯರುಗಳಿಗೆ ಇದನ್ನು ವರ್ಷಗಟ್ಟಲೆ ಪಾಠ ಮಾಡಿದವಳು ನಾನು. ಇಲ್ಲಿ ಮಾತ್ರ 'ಉದ್ದೇಶ: ಲಿಫ್ಟ್ ಅಳವಡಿಕೆ' ಎಂದು ಗೀಚಿ, ಅಧ್ಯಕ್ಷ ಚನ್ನಬಸಪ್ಪನವರ ಸಹಿ ಪಡೆದು ಫೈಲಿಗೆ ಸೇರಿಸಿದೆ.

ಚನ್ನಬಸಪ್ಪನವರು ಚಿಕ್ಕಪೇಟೆಯಲ್ಲಿ ತಲೆಮಾರುಗಳಿಂದ ಬಟ್ಟೆ ವ್ಯಾಪಾರ ಮಾಡುತ್ತಿದ್ದ ಮನೆತನದವರು. ಎಪ್ಪತ್ತು ದಾಟಿದ, ಮಾತಿನಲ್ಲಿ ಗೌರವವುಳ್ಳ, ಹಿಡಿದದ್ದನ್ನು ಬಿಡದ ಮನುಷ್ಯ. ಎರಡನೇ ತಿಂಗಳ ಮೀಟಿಂಗಿನಲ್ಲಿ ಅವರೆಂದರು: "ಮೇಡಂ, ಹೆಂಗೂ ಅಗೀತೀವಲ್ಲ, ಟೆರೇಸ್‌ವರೆಗೂ ಹೋಗೋ ಹಂಗೆ ಮಾಡ್ಬಿಡಿ. ಮೇಲೊಂದು ಹಾಲ್ ಕಟ್ಟಿಸ್ಬೇಕು ಅಂತಿದೀವಿ."

"ಅದು ಬೇರೆ ಪ್ರಾಜೆಕ್ಟ್ ಆಗತ್ತೆ ಸರ್."

"ಏನ್ ಬೇರೆ? ಲಿಫ್ಟಲ್ಲಿ ಇನ್ನೊಂದ್ ಬಟನ್ ಜಾಸ್ತಿ ಆಗತ್ತೆ, ಅಷ್ಟೇ ತಾನೆ?"

ಆ ಒಂದು ಬಟನ್ನಿಗಾಗಿ ನಕ್ಷೆ ಬದಲಾಯಿತು. ಹಳೆಯ ಗೋಡೆ ಭಾರ ತಡೆಯುತ್ತದೆಯೇ ಎಂದು ಮತ್ತೆ ಲೆಕ್ಕ ಹಾಕಿಸಬೇಕಾಯಿತು. ಲಿಫ್ಟ್ ಕಂಪನಿಯವರು ಹೊಸ ಆರ್ಡರ್ ಕೇಳಿದರು. ಮುಂದಿನ ತಿಂಗಳು ಕಾರ್ಯದರ್ಶಿಗಳಿಗೆ ಮುಂಬಾಗಿಲಿಗೆ ಗಾಜು ಬೇಕೆನಿಸಿತು. ಸ್ಕೋಪ್ ಎಂದರೆ ಯೋಜನೆಯ ಎಲ್ಲೆ: ಏನು ಮಾಡುತ್ತೇವೆ, ಏನು ಮಾಡುವುದಿಲ್ಲ ಎಂಬ ಗೆರೆ. ನಾನು ಆ ಗೆರೆಯನ್ನೇ ಎಳೆದಿರಲಿಲ್ಲವಾದ್ದರಿಂದ ಯಾರೋ ಅದನ್ನು ದಾಟಿದರು ಎನ್ನುವ ಹಾಗೂ ಇರಲಿಲ್ಲ. ನಾಲ್ಕನೇ ತಿಂಗಳು ಮೆಟ್ಟಿಲ ಪಕ್ಕದಲ್ಲಿ ಗುಂಡಿ ತೋಡಿದರೆ, ಹಳೆಯ ಕಲ್ಲಿನ ಪಾಯ ನಮ್ಮ ಅಂದಾಜಿಗಿಂತ ಎರಡಡಿ ಹೊರಗೆ ಚಾಚಿಕೊಂಡಿತ್ತು. ಕೆಲಸ ನಿಂತಿತು. ಗುಂಡಿಗೆ ಅಡ್ಡವಾಗಿ ತಗಡು ಕಟ್ಟಿಸಿದೆವು. ಪ್ರತಿ ಸೋಮವಾರ ಫೋನು, ಪ್ರತಿ ಶುಕ್ರವಾರ 'ಮುಂದಿನ ವಾರ ನೋಡೋಣ'. ಫೈಲು ದಪ್ಪವಾಗುತ್ತಿತ್ತು. ಸೈಟಿನಲ್ಲಿ ಒಂದು ಇಟ್ಟಿಗೆಯೂ ಏಳುತ್ತಿರಲಿಲ್ಲ. ಮನೆಗೆ ಬಂದು ಸುಮ್ಮಸುಮ್ಮನೆ ಎಲ್ಲರ ಮೇಲೂ ರೇಗುತ್ತಿದ್ದೆ.

ಆರನೇ ತಿಂಗಳ ಒಂದು ಬೆಳಿಗ್ಗೆ ಕೇಂದ್ರದ ಫಿಸಿಯೋಥೆರಪಿಸ್ಟ್ ನಸ್ರೀನ್ ಫೋನ್ ಮಾಡಿದಳು.

"ಮೇಡಂ, ರಾಜಣ್ಣ ಮೆಟ್ಟಿಲಲ್ಲಿ ಬಿದ್ಬಿಟ್ರು."

ರಾಜಣ್ಣ ಚಾಮರಾಜಪೇಟೆಯಲ್ಲಿ ಪುಸ್ತಕಗಳಿಗೆ ಬೈಂಡಿಂಗ್ ಮಾಡುತ್ತಿದ್ದವರು. ಪಾರ್ಶ್ವವಾಯುವಿನಿಂದ ಬಲಗೈ, ಬಲಗಾಲು ಸೋತಿದ್ದವು. ವಾರಕ್ಕೆ ಮೂರು ದಿನ ಹೆಂಡತಿ ಲಕ್ಷ್ಮಮ್ಮ ಆಟೋದಲ್ಲಿ ಕರೆತರುತ್ತಿದ್ದರು. ನಾವು ಕಟ್ಟಿಸಿದ್ದ ತಗಡಿನಿಂದ ಮೆಟ್ಟಿಲ ಬುಡ ಇಕ್ಕಟ್ಟಾಗಿ ಕುರ್ಚಿ ಸಲೀಸಾಗಿ ತಿರುಗದಂತಾಗಿತ್ತು. ಆ ದಿನ ಅವರು ಕಂಬಿ ಹಿಡಿದು ತಾವೇ ಹತ್ತಲು ಹೋಗಿ ಬಿದ್ದಿದ್ದರು. ಚೆನ್ನಾಗಿದ್ದ ಎಡಗೈಯ ಮಣಿಕಟ್ಟು ಮುರಿದಿತ್ತು.

ಮರುದಿನ ಅವರ ಮನೆಗೆ ಹೋದೆ. ರಾಜಣ್ಣ ಗೋಡೆಗೆ ಒರಗಿ ಕೂತಿದ್ದರು. ಒಂದು ಕೈ ಏಳುತ್ತಿರಲಿಲ್ಲ, ಇನ್ನೊಂದು ಪ್ಲಾಸ್ಟರಿನಲ್ಲಿತ್ತು. ಲಕ್ಷ್ಮಮ್ಮ ತುತ್ತು ಮಾಡಿ ತಿನ್ನಿಸುತ್ತಿದ್ದರು. ನಾನು ಕ್ಷಮೆ ಕೇಳಿ, ಲಿಫ್ಟ್ ಯಾಕೆ ತಡವಾಯಿತೆಂದು ವಿವರಿಸತೊಡಗಿದೆ. ಪಾಯ, ಆರ್ಡರು, ಅನುಮತಿ. ಲಕ್ಷ್ಮಮ್ಮ ಕೈ ಒರೆಸಿಕೊಂಡು ಕೇಳಿದರು.

"ಒಂದ್ ಮಾತ್ ಕೇಳ್ಲಾ ಮೇಡಂ? ಆ ಕೆಳಗಡೆ ರೂಮಲ್ಲಿ ಯಾರಿರ್ತಾರೆ?"

"ಟ್ರಸ್ಟ್ ಆಫೀಸ್‌ನವರು."

"ಅವ್ರ ಕಾಲೆಲ್ಲಾ ಚೆನ್ನಾಗಿದಾವಲ್ಲ?"

ಅಲ್ಲಿಂದ ನೇರವಾಗಿ ಕೇಂದ್ರಕ್ಕೆ ಹೋಗಿ ಟೇಪು ಹಿಡಿದು ಅಳೆದೆ. ಕೆಳಗಿನ ಹಾಲ್ ಮೇಲಿನದಕ್ಕಿಂತ ದೊಡ್ಡದಿತ್ತು. ರಸ್ತೆಯಿಂದ ಒಳಗೆ ಬರಲು ಇದ್ದದ್ದು ಒಂದೇ ಹೊಸ್ತಿಲು. ಫಿಸಿಯೋಥೆರಪಿಗೆ ಬೇಕಾದದ್ದು ಮಂಚಗಳು, ಕೆಲವು ಉಪಕರಣ, ಒಂದಿಷ್ಟು ಪ್ಲಗ್ ಪಾಯಿಂಟು.

ನಸ್ರೀನ್ ತಣ್ಣಗೆ ಹೇಳಿದಳು: "ನಾನು ಇದನ್ನ ಟ್ರಸ್ಟ್‌ನವ್ರಿಗೆ ಮೊದ್ಲೇ ಹೇಳಿದ್ದೆ ಮೇಡಂ. ಆಫೀಸ್ ವಿಷಯಕ್ಕೆ ಬರ್ಬೇಡಮ್ಮ ಅಂದ್ರು."

"ನಂಗ್ಯಾಕೆ ಹೇಳ್ಲಿಲ್ಲ?"

"ನೀವು ಕೇಳಿದ್ದು ಲಿಫ್ಟ್ ಎಷ್ಟು ಅಗಲ ಇರ್ಬೇಕು ಅಂತ ಮಾತ್ರ."

ಆ ವಾರದ ಮೀಟಿಂಗಿನಲ್ಲಿ ಲಿಫ್ಟ್ ಕೈಬಿಟ್ಟು ಫಿಸಿಯೋಥೆರಪಿಯನ್ನು ಕೆಳಕ್ಕೂ ಆಫೀಸನ್ನು ಮೇಲಕ್ಕೂ ಸಾಗಿಸೋಣ ಎಂದೆ. ಚನ್ನಬಸಪ್ಪನವರ ಮುಖ ಗಂಟಾಯಿತು. ದಾನಿಗಳು ಬರುವ ಜಾಗ, ಹಿರಿಯರ ಫೋಟೋ ಇರುವ ಹಾಲ್. ಕೊನೆಗೆ ನಿಜವಾದ ಕಾರಣ ಬಂತು. "ನಂಗೂ ಮಂಡಿ ನೋವು ಮೇಡಂ. ನಾನ್ ಹೆಂಗೆ ಹತ್ಲಿ?"

"ಪೇಷಂಟುಗಳು ಹತ್ತುತ್ತಾ ಇದಾರಲ್ಲ ಸರ್."

"ಅವ್ರನ್ನ ಕುರ್ಚೀಲಿ ಎತ್ಕೊಂಡ್ ಹೋಗ್ತಾರಲ್ಲ, ಅದ್ರಲ್ಲೇನ್ ಕಷ್ಟ?"

"ಹಾಗಿದ್ರೆ ಒಂದ್ಸಲ ಕೂತ್ಕೊಂಡ್ ನೋಡಿ."

ಸಿಟ್ಟಿನಲ್ಲಿ ಹೇಳಿಬಿಟ್ಟಿದ್ದೆ. ಅವರು ಹಟದಿಂದಲೇ ಎದ್ದು ಹೋಗಿ ಕುರ್ಚಿಯಲ್ಲಿ ಕೂತರು. ತಗಡಿನ ಪಕ್ಕ ಓರೆಯಾಗಿ ತೂರಿಸಿಕೊಂಡು ವಾಚ್‌ಮನ್ ಮತ್ತು ಹೊರಗಿದ್ದ ಆಟೋ ಡ್ರೈವರ್ ಮೇಲಕ್ಕೆತ್ತಿದರು. ನಾಲ್ಕನೇ ಮೆಟ್ಟಿಲಿನಲ್ಲಿ ಕುರ್ಚಿ ಹಿಂದಕ್ಕೆ ವಾಲಿತು. ಚನ್ನಬಸಪ್ಪನವರು ಎರಡೂ ಕೈಯಿಂದ ಕಂಬಿ ತಬ್ಬಿಕೊಂಡು ಕೂಗಿದರು: "ಇಳಿಸ್ರಪ್ಪಾ, ಇಳಿಸಿ!" ನೆಲಕ್ಕೆ ಬಂದ ಮೇಲೆ ಪಂಚೆ ಸರಿಮಾಡಿಕೊಂಡು, "ಫೋಟೋ ಹುಷಾರಾಗಿ ಇಳಿಸೋಕ್ ಹೇಳಿ," ಎಂದರು.

ಅವರಿಂದ ಒಪ್ಪಿಗೆ ಸಿಕ್ಕರೂ ಉಳಿದ ಟ್ರಸ್ಟಿಗಳ ತಕರಾರು ಮುಗಿಯಲು ಇನ್ನೂ ಒಂದೂವರೆ ತಿಂಗಳು ಬೇಕಾಯಿತು. ಸಾಮಾನು ಸಾಗಿಸಿದ್ದು ನಾಲ್ಕೇ ದಿನದಲ್ಲಿ. ಗುಂಡಿ ಮುಚ್ಚಿಸಿದೆವು. ಆಡಳಿತ ಮಂಡಳಿಯ ಸಭೆ ಈಗ ತಿಂಗಳಿಗೊಮ್ಮೆ, ಸಂಜೆ ಪೇಷಂಟುಗಳು ಹೋದ ಮೇಲೆ, ಕೆಳಗೆ ವ್ಯಾಯಾಮದ ಮಂಚಗಳ ನಡುವೆಯೇ ನಡೆಯುತ್ತದೆ.

ರಾಜಣ್ಣ ಎಡಗೈ ಕೂಡಿಕೊಂಡ ಮೇಲೆ ಮತ್ತೆ ಬರತೊಡಗಿದರು. ವರ್ಷ ಕಳೆಯುವಷ್ಟರಲ್ಲಿ ಕೋಲು ಹಿಡಿದು ರಸ್ತೆ ದಾಟುವಷ್ಟಾದರು. ಬಲಗೈ ಬೆರಳುಗಳು ಮಾತ್ರ ಸೂಜಿ ಹಿಡಿಯಲಿಲ್ಲ. ಬೈಂಡಿಂಗ್ ಅಂಗಡಿ ಮುಚ್ಚಿತು. ಪಾರ್ಶ್ವವಾಯುವಿನಲ್ಲಿ ಮೊದಲ ತಿಂಗಳುಗಳ ವ್ಯಾಯಾಮ ಬಹಳ ಮುಖ್ಯವೆಂದು ನಸ್ರೀನ್ ಹೇಳಿದ್ದಳು. ನಮ್ಮಿಂದ ತಪ್ಪಿದ ದಿನಗಳಿಗೂ ಆ ಬೆರಳುಗಳಿಗೂ ಸಂಬಂಧವಿದೆಯೇ ಎಂದು ಕೇಳಿದೆ. "ಹೇಳಕ್ಕಾಗಲ್ಲ ಮೇಡಂ," ಎಂದಳು. ಇಲ್ಲ ಎನ್ನಲಿಲ್ಲ.

ಟ್ರಸ್ಟಿನವರು ಪತ್ರದಲ್ಲಿ ಬರೆದದ್ದು ಪರಿಹಾರವನ್ನು. ಅದನ್ನೇ ಸಮಸ್ಯೆಯೆಂದು ತಿಳಿದದ್ದು ನನ್ನ ತಪ್ಪು. ಈಗ ಯಾರೇ ಕೆಲಸ ಕೊಡಲಿ, ನಕ್ಷೆ ಬಿಡಿಸುವ ಮೊದಲು ಆ ಜಾಗವನ್ನು ದಿನವೂ ಬಳಸುವವರ ಹತ್ತಿರ ಹೋಗಿ ಕೂರುತ್ತೇನೆ. ಈ ಕೆಲಸ ಮುಗಿದ ಮರುದಿನ ನಿಮಗೆ ಏನು ಸುಲಭವಾಗಬೇಕು ಎಂದು ಕೇಳುತ್ತೇನೆ. ಅವರು ಹೇಳಿದ್ದನ್ನು ಅವರ ಮಾತಿನಲ್ಲೇ ಚಾರ್ಟರಿನ ಮೊದಲ ಸಾಲಾಗಿ ಬರೆಯುತ್ತೇನೆ. ಬಸವನಗುಡಿಯಲ್ಲಿ ಹಾಗೆ ಮಾಡಿದ್ದರೆ ಇಡೀ ಪ್ರಾಜೆಕ್ಟು ಮೊದಲೆರಡು ತಿಂಗಳಲ್ಲೇ ಮುಗಿಯುತ್ತಿತ್ತು. ರಾಜಣ್ಣ ಒಂದು ದಿನವೂ ತಪ್ಪಿಸದೆ ಬರುತ್ತಿದ್ದರು.